ಡಯಲ್-ಅಪ್ ಎಲ್ಲಿ ಕೈಕೊಟ್ಟಿತು? ಡಯಲ್ ಟೋನ್‌ನಿಂದ ಪಾಸ್‌ವರ್ಡ್‌ವರೆಗೆ ದೋಷ ಹುಡುಕುವ ಬಗೆ

ಫೋನ್ ಲೈನಿನ ಮೂಲಕ ಇಂಟರ್ನೆಟ್ಟಿಗೆ ಸೇರಿಸುವ ಡಯಲ್-ಅಪ್ ಕೈಕೊಟ್ಟಾಗ ಹೆಚ್ಚಿನವರು ಮೊದಲು ಪಾಸ್‌ವರ್ಡನ್ನು ಮತ್ತೆ ಮತ್ತೆ ಟೈಪ್ ಮಾಡುತ್ತಾರೆ. ಅದು ಆಗದಿದ್ದರೆ ಮೋಡೆಮ್ (ಕಂಪ್ಯೂಟರಿನ ಮಾತನ್ನು ಫೋನ್ ಲೈನಿನ ಸ್ವರವಾಗಿಸುವ ಸಾಧನ) ಡ್ರೈವರ್ ಕಿತ್ತು ಮತ್ತೆ ಹಾಕುತ್ತಾರೆ. ಅದೂ ಆಗದಿದ್ದರೆ ವಿಂಡೋಸನ್ನೇ ಹೊಸದಾಗಿ ಇನ್‌ಸ್ಟಾಲ್ ಮಾಡಲು ಕೂರುತ್ತಾರೆ. ದೋಷ ಎಲ್ಲಿದೆ ಅಂತ ತಿಳಿಯುವ ಮುಂಚೆಯೇ ಕೈ ಹಾಕಿದರೆ ಹೀಗೇ ಆಗುವುದು. ಇದ್ದ ದೋಷದ ಜೊತೆ ಇನ್ನೆರಡು ಹೊಸ ದೋಷ ಸೇರಿಕೊಳ್ಳುತ್ತವೆ.

ಡಯಲ್-ಅಪ್ ಸಂಪರ್ಕ ಒಂದೇ ಏಟಿಗೆ ಆಗುವುದಿಲ್ಲ. ಮೊದಲು ಮೋಡೆಮ್ ಲೈನ್ ಎತ್ತಬೇಕು, ಡಯಲ್ ಟೋನ್ ಕೇಳಬೇಕು, ನಂಬರ್ ಒತ್ತಬೇಕು. ಆ ಕಡೆಯ ಮೋಡೆಮ್ ಉತ್ತರ ಕೊಡಬೇಕು. ಎರಡೂ ಸೇರಿ ಒಂದು ವೇಗಕ್ಕೆ ಒಪ್ಪಬೇಕು. ಆಮೇಲೆ ಪಿಪಿಪಿ (ಆ ಲೈನಿನ ಮೇಲೆ ಎರಡೂ ಕಂಪ್ಯೂಟರುಗಳು ಇಂಟರ್ನೆಟ್ ಮಾತಾಡುವ ನಿಯಮ) ಮಾತುಕತೆ ಶುರುವಾಗುತ್ತದೆ. ಅದರೊಳಗೂ ಮೂರು ಮೆಟ್ಟಿಲು: ಲಿಂಕ್ ಹೇಗಿರಬೇಕು ಅಂತ ತೀರ್ಮಾನಿಸುವ ಎಲ್‌ಸಿಪಿ, ನೀವು ಯಾರು ಅಂತ ಕೇಳುವ ದೃಢೀಕರಣ, ಐಪಿ ವಿಳಾಸ ಹಂಚುವ ಐಪಿಸಿಪಿ. ಇದೆಲ್ಲ ಮುಗಿದ ಮೇಲೆ ತಾಣದ ಹೆಸರನ್ನು ಅಂಕಿಯ ವಿಳಾಸವಾಗಿಸುವ ಡಿಎನ್‌ಎಸ್, ಕಟ್ಟಕಡೆಗೆ ಬ್ರೌಸರ್.

ಈ ಕ್ರಮ ಯಾವ ಕಂಪ್ಯೂಟರಿನಲ್ಲೂ ಬದಲಾಗುವುದಿಲ್ಲ. ಹಾಗಾಗಿ ಸಂಪರ್ಕ ಒಂದು ಹಂತದಲ್ಲಿ ನಿಂತಿತು ಅಂದರೆ ಅದರ ಹಿಂದಿನ ಹಂತಗಳೆಲ್ಲ ಪಾಸಾಗಿವೆ ಅಂತ ಅರ್ಥ. ಪಾಸ್‌ವರ್ಡ್ ಸರಿಯಿಲ್ಲ ಅಂತ ಸರ್ವರ್ ಹೇಳಿತೇ? ಹಾಗಾದರೆ ಕೇಬಲ್, ಮೋಡೆಮ್, ಡ್ರೈವರ್, ಫೋನ್ ನಂಬರ್ ಎಲ್ಲ ಸರಿ ಇವೆ. ಅವನ್ನು ಮುಟ್ಟಬೇಡಿ. ಡಯಲ್ ಟೋನ್ ಇಲ್ಲ ಅಂತ ಬಂತೇ? ಪಾಸ್‌ವರ್ಡಿನ ಮಾತು ಇನ್ನೂ ದೂರ ಇದೆ.

ಕಿವಿಯೇ ಮೊದಲ ಸಾಧನ

ಮೋಡೆಮ್ ಗಲಾಟೆ ಮಾಡುತ್ತದೆ ಅಂತ ಅದರ ಸ್ಪೀಕರ್ ಆಫ್ ಮಾಡಿಟ್ಟವರು ಜಾಸ್ತಿ. ದೋಷ ಹುಡುಕುವಾಗ ಮಾತ್ರ ಅದು ಆನ್ ಇರಲೇಬೇಕು. ವಿಂಡೋಸ್‌ನಲ್ಲಿ ಮೋಡೆಮ್ ಪ್ರಾಪರ್ಟೀಸ್ ಒಳಗೆ ಸ್ಪೀಕರ್ ವಾಲ್ಯೂಮ್ ಏರಿಸಿ. ಅಲ್ಲಿ ಆಗದಿದ್ದರೆ ಮೋಡೆಮ್‌ಗೆ ಎಟಿಎಂ1 (ATM1) ಕಮಾಂಡ್ ಕೊಡಿ, ಕೊಡುವ ಬಗೆ ಮುಂದೆ ಇದೆ. ಆಗ ಸಂಪರ್ಕ ಕೂಡುವವರೆಗೆ ಸದ್ದು ಬರುತ್ತದೆ, ಕೂಡಿದ ಮೇಲೆ ನಿಲ್ಲುತ್ತದೆ. ಎಟಿಎಂ2 ಕೊಟ್ಟರೆ ನಿಲ್ಲುವುದೇ ಇಲ್ಲ. ಅದು ಬೇಡ, ತಲೆನೋವು.

ಈಗ ಡಯಲ್ ಮಾಡಿ ಕೇಳಿ. ಮೊದಲು ಒಂದು 'ಕ್ಲಿಕ್', ಆಮೇಲೆ ಗುಂಯ್ ಅನ್ನುವ ಡಯಲ್ ಟೋನ್, ಆಮೇಲೆ ಅಂಕಿಗಳ ಟೋನ್, ಆಮೇಲೆ ರಿಂಗ್. ಆ ಕಡೆಯವರು ಎತ್ತಿದ ಕೂಡಲೇ ಒಂದೇ ಸಮನೆ ಕೂಗುವ ಒಂದು ಸ್ವರ ಬರುತ್ತದೆ. ಅದು 2100 ಹರ್ಟ್ಸ್‌ನ ಉತ್ತರದ ಸ್ವರ. ಲೈನಿನಲ್ಲಿರುವ ಪ್ರತಿಧ್ವನಿ ತಡೆಯುವ ಯಂತ್ರಗಳಿಗೆ ಸುಮ್ಮನಿರಿ ಅಂತ ಹೇಳುವುದೂ ಇದೇ ಸ್ವರ. ನಂತರ ಕಿರುಚಾಟ, ಗೊರಗೊರ, ಕೊನೆಗೆ ಮಳೆ ಸುರಿದಂತೆ ಸದ್ದು. ಅದಾಗಿ ಸ್ಪೀಕರ್ ಸುಮ್ಮನಾಯಿತು ಅಂದರೆ ಮೋಡೆಮ್‌ಗಳು ಕೂಡಿದವು. ಇಲ್ಲಿಂದ ಮುಂದೆ ಬರುವ ದೋಷ ಮೋಡೆಮ್‌ನದ್ದಲ್ಲ, ಪಿಪಿಪಿಯದ್ದು.

ಸದ್ದು ಎಲ್ಲಿ ನಿಂತಿತು ಅಂತ ಗಮನಿಸಿದರೆ ಅರ್ಧ ಕೆಲಸ ಮುಗಿದಂತೆ. ರಿಂಗ್ ಆಗಿ ಮನುಷ್ಯರ ದನಿ 'ಹಲೋ' ಅಂದರೆ ನಂಬರ್ ತಪ್ಪು, ಅಷ್ಟೇ. ರಾತ್ರಿ ಹೊತ್ತಾದರೆ ಪದೇ ಪದೇ ಡಯಲ್ ಮಾಡಬೇಡಿ. ಪಾಪ, ಆ ಕಡೆಯವರು ಎದ್ದು ಬಂದು ಕಿರುಚಾಟ ಕೇಳಬೇಕಾಗುತ್ತದೆ. ರಿಂಗ್ ಆಗುತ್ತಲೇ ಇದ್ದು ಯಾರೂ ಎತ್ತದಿದ್ದರೆ ವಿಂಡೋಸ್ 678 ಅನ್ನುವ ದೋಷದ ನಂಬರ್ ತೋರಿಸುತ್ತದೆ, ಬ್ಯುಸಿ ಇದ್ದರೆ 676. ಆ ನಂಬರಿಗೆ ಮಾಮೂಲಿ ಫೋನಿನಿಂದ ಕರೆ ಮಾಡಿ ನೋಡಿ. ಕಿರುಚುವ ಸ್ವರ ಬರದಿದ್ದರೆ ತೊಂದರೆ ನಿಮ್ಮ ಕಡೆಯದ್ದಲ್ಲ. ಇತ್ತೀಚೆಗೆ ಡಯಲ್-ಅಪ್ ಸೇವೆಗಳೇ ಒಂದೊಂದಾಗಿ ಮುಚ್ಚುತ್ತಿವೆ. ಅಮೆರಿಕದ ಇಂಟರ್ನೆಟ್ ಕಂಪನಿ ಎಒಎಲ್ ಕೂಡ 2025ರ ಸೆಪ್ಟೆಂಬರ್ 30ಕ್ಕೆ ತನ್ನ ಡಯಲ್-ಅಪ್ ನಿಲ್ಲಿಸಿತು. ಹಳೇ ನಂಬರ್ ಇನ್ನೂ ಜೀವಂತ ಇದೆಯಾ ಅಂತ ಮೊದಲು ಖಚಿತ ಮಾಡಿಕೊಳ್ಳುವುದು ಒಳ್ಳೆಯದು.

ಮೋಡೆಮ್ ಮಾತಾಡುತ್ತಿದೆಯೇ?

ಕ್ಲಿಕ್ ಸದ್ದೂ ಬರದಿದ್ದರೆ ಕಂಪ್ಯೂಟರಿಗೂ ಮೋಡೆಮ್‌ಗೂ ನಡುವೆಯೇ ತೊಂದರೆ. ವಿಂಡೋಸ್ ಎಕ್ಸ್‌ಪಿಯಲ್ಲಿ ಕಂಟ್ರೋಲ್ ಪ್ಯಾನೆಲ್, ಫೋನ್ ಆಂಡ್ ಮೋಡೆಮ್ ಆಪ್ಷನ್ಸ್, ಮೋಡೆಮ್ಸ್, ಪ್ರಾಪರ್ಟೀಸ್, ಡಯಾಗ್ನಾಸ್ಟಿಕ್ಸ್ ಅಂತ ಹೋದರೆ 'ಕ್ವೆರಿ ಮೋಡೆಮ್' ಅನ್ನುವ ಬಟನ್ ಇದೆ. ಒತ್ತಿ. ಮೋಡೆಮ್ ಬದುಕಿದ್ದರೆ ಕಮಾಂಡ್‌ಗಳ ಮುಂದೆ ಉತ್ತರಗಳ ಪಟ್ಟಿ ಬರುತ್ತದೆ.

ನನಗೆ ಇಷ್ಟವಾಗುವುದು ಇನ್ನೂ ನೇರವಾದ ದಾರಿ. ಎಕ್ಸ್‌ಪಿಯಲ್ಲಿ ಹೈಪರ್‌ಟರ್ಮಿನಲ್, ಅದಕ್ಕಿಂತ ಹೊಸ ವಿಂಡೋಸ್‌ನಲ್ಲಿ ಪುಟಿ, ಲಿನಕ್ಸ್‌ನಲ್ಲಿ ಮಿನಿಕಾಮ್ ತೆರೆದು, ಮೋಡೆಮ್ ಇರುವ ಪೋರ್ಟ್ ಆರಿಸಿ, ಎಟಿ ಅಂತ ಟೈಪ್ ಮಾಡಿ ಎಂಟರ್ ಒತ್ತಿ. (ಟೈಪ್ ಮಾಡುವುದು ಇಂಗ್ಲಿಷ್ ಅಕ್ಷರದಲ್ಲೇ, ಮೋಡೆಮ್‌ಗೆ ಕನ್ನಡ ಬರುವುದಿಲ್ಲ.) 'ಓಕೆ' ಅಂತ ಬಂದರೆ ಪೋರ್ಟ್, ಕೇಬಲ್, ಡ್ರೈವರ್ ಮೂರೂ ಸರಿ. ಏನೂ ಬರದಿದ್ದರೆ ಪೋರ್ಟ್ ತಪ್ಪಿರಬಹುದು ಅಥವಾ ಮೋಡೆಮ್‌ಗೆ ಕರೆಂಟ್ ಇಲ್ಲದಿರಬಹುದು. ಟೈಪ್ ಮಾಡಿದ್ದು ಕಾಣಿಸದೆ ಬರೀ 'ಓಕೆ' ಬಂದರೂ ಚಿಂತೆ ಬೇಡ. ಎಟಿಇ1 ಕೊಟ್ಟರೆ ಅಕ್ಷರಗಳು ಕಾಣತೊಡಗುತ್ತವೆ.

ಪೋರ್ಟ್ ತೆರೆಯುವುದೇ ಇಲ್ಲ, ಅಥವಾ ವಿಂಡೋಸ್ 633 ಕೊಡುತ್ತದೆ ಅಂದರೆ ಬೇರೆ ಯಾವುದೋ ಪ್ರೋಗ್ರಾಂ ಮೋಡೆಮ್ ಹಿಡಿದು ಕೂತಿದೆ. ಸಾಮಾನ್ಯವಾಗಿ ಅದು ಫ್ಯಾಕ್ಸ್ ತಂತ್ರಾಂಶ. ನೀವೇ ತೆರೆದಿಟ್ಟು ಮರೆತ ಹೈಪರ್‌ಟರ್ಮಿನಲ್ ಕೂಡ ಆಗಿರಬಹುದು. ಬಹಳ ಹಳೆಯ ಯಂತ್ರಗಳಲ್ಲಿ ಇನ್ನೊಂದು ತಗಾದೆ ಇತ್ತು. ಸೀರಿಯಲ್ ಪೋರ್ಟ್‌ಗಳಾದ ಕಾಮ್1 ಮತ್ತು ಕಾಮ್3 ಎರಡೂ ಪ್ರೊಸೆಸರನ್ನು ಕರೆಯಲು ಒಂದೇ ಗೆರೆ ಐಆರ್‌ಕ್ಯೂ 4ನ್ನೇ ಬಳಸುತ್ತವೆ, ಕಾಮ್2 ಮತ್ತು ಕಾಮ್4 ಐಆರ್‌ಕ್ಯೂ 3ನ್ನು. ಕಾಮ್1ರಲ್ಲಿ ಮೌಸ್, ಕಾಮ್3ರಲ್ಲಿ ಮೋಡೆಮ್ ಇದ್ದರೆ ಮೌಸ್ ಅಲ್ಲಾಡಿಸಿದಾಗ ಸಂಪರ್ಕ ಕಟ್ ಆಗುತ್ತಿತ್ತು.

ಲಿನಕ್ಸ್ ಬಳಸುವವರು ಒಂದು ಮಾತು ತಿಳಿದಿರಬೇಕು. ಕಂಪ್ಯೂಟರಿನೊಳಗೆ ಕೂರುವ ಅಗ್ಗದ ಮೋಡೆಮ್ ಕಾರ್ಡ್‌ಗಳಲ್ಲಿ ಬಹುಪಾಲು ವಿನ್‌ಮೋಡೆಮ್‌ಗಳು. ಮೋಡೆಮ್‌ನ ಅರ್ಧ ಕೆಲಸವನ್ನು ವಿಂಡೋಸ್ ಡ್ರೈವರೇ ಮಾಡುತ್ತದೆ. ಲಿನಕ್ಸ್‌ನಲ್ಲಿ ಇವನ್ನು ಓಡಿಸಲು ದಿನಗಟ್ಟಲೆ ಒದ್ದಾಡುವ ಬದಲು ಹೊರಗೆ ಇಡುವ ಸೀರಿಯಲ್ ಮೋಡೆಮ್ ಹುಡುಕಿಕೊಳ್ಳಿ ಅನ್ನುವುದು ನನ್ನ ಸಲಹೆ. ಯುಎಸ್‌ಬಿ ಮೋಡೆಮ್ ಆದರೆ ಅದು ಟಿಟಿವೈಎಸಿಎಂ0 (ttyACM0) ಅಂತ ಕಾಣಿಸಿಕೊಳ್ಳುತ್ತದಾ ನೋಡಿ. ಹಾಗೆ ಕಂಡರೆ ಮಾಮೂಲಿ ಮೋಡೆಮ್‌ನಂತೆಯೇ ಎಟಿ ಕಮಾಂಡ್ ಕೇಳುತ್ತದೆ. 'ಪರ್ಮಿಷನ್ ಡಿನೈಡ್' ಅಂತ ಬಂದರೆ ನಿಮ್ಮ ಯೂಸರ್ ಡಯಲ್‌ಔಟ್ ಗುಂಪಿನಲ್ಲಿ ಇದ್ದಾರಾ ಅಂತ ಪರಿಶೀಲಿಸಿ. ಗುಂಪಿಗೆ ಸೇರಿಸಿದ ಮೇಲೆ ಒಮ್ಮೆ ಲಾಗ್‌ಔಟ್ ಆಗಿ ಬರಬೇಕು.

ಡಯಲ್ ಟೋನ್ ಇದ್ದರೂ 'ಇಲ್ಲ' ಅನ್ನುವ ಮೋಡೆಮ್

680 ಅಂದರೆ ಡಯಲ್ ಟೋನ್ ಸಿಗಲಿಲ್ಲ ಅಂತ. ಮೊದಲು ನೋಡಬೇಕಾದ್ದು ತಂತಿ. ಮೋಡೆಮ್‌ನ ಹಿಂದೆ ಸಾಮಾನ್ಯವಾಗಿ ಎರಡು ತೂತು ಇರುತ್ತವೆ. ಒಂದು ಗೋಡೆಯ ಲೈನಿಗೆ, ಇನ್ನೊಂದು ಫೋನಿಗೆ. ಅದಲು ಬದಲಾಗಿದ್ದರೆ ಫೋನಿನಲ್ಲಿ ಟೋನ್ ಬರಬಹುದು, ಮೋಡೆಮ್‌ಗೆ ಮಾತ್ರ ಕೇಳಿಸುವುದಿಲ್ಲ.

ತಂತಿ ಸರಿ ಇದ್ದು, ಫೋನ್ ಎತ್ತಿದರೆ ಟೋನ್ ಕೇಳಿಸುತ್ತಿದ್ದರೂ 680 ಬರುತ್ತಿದೆಯಾ? ಆ ಟೋನನ್ನೇ ಸ್ವಲ್ಪ ಗಮನವಿಟ್ಟು ಕೇಳಿ. ವಾಯ್ಸ್‌ಮೇಲ್‌ನಲ್ಲಿ ಸಂದೇಶ ಬಂದು ಕೂತಿದ್ದರೆ ಕೆಲವು ಎಕ್ಸ್‌ಚೇಂಜ್‌ಗಳು ಡಯಲ್ ಟೋನನ್ನು ತುಂಡು ತುಂಡಾಗಿ ಕೊಡುತ್ತವೆ. ಕಿವಿಗೆ ಅದೂ ಟೋನೇ. ಮೋಡೆಮ್‌ಗೆ ಅಲ್ಲ. ಸಂದೇಶ ಕೇಳಿ ಅಳಿಸಿದ ತಕ್ಷಣ ದೋಷ ಮಾಯ. ನಿನ್ನೆವರೆಗೆ ಸರಿ ಇತ್ತು, ಏನೂ ಬದಲಿಸಿಲ್ಲ, ಇವತ್ತು ಹೀಗಾಯಿತು ಅನ್ನುವವರು ಇದನ್ನು ಮೊದಲು ನೋಡಬೇಕು. ಮೋಡೆಮ್ ಸೆಟಪ್‌ನಲ್ಲಿ ದೇಶ ತಪ್ಪಾಗಿ ಆರಿಸಿದ್ದರೂ ಇದೇ ಗತಿ. ಡಯಲ್ ಟೋನ್ ಎಲ್ಲ ದೇಶಗಳಲ್ಲೂ ಒಂದೇ ಥರ ಇರುವುದಿಲ್ಲ.

ಪರಿಹಾರ ಸುಲಭ. ಮೋಡೆಮ್‌ನ ಅಡ್ವಾನ್ಸ್‌ಡ್ ಸೆಟ್ಟಿಂಗ್ಸ್‌ನಲ್ಲಿರುವ ಹೆಚ್ಚುವರಿ ಕಮಾಂಡ್ ಪೆಟ್ಟಿಗೆಯಲ್ಲಿ ಎಟಿಎಕ್ಸ್3 ಅಂತ ಹಾಕಿ. ಟೋನಿಗೆ ಕಾಯದೆ ಡಯಲ್ ಮಾಡು, ಬ್ಯುಸಿ ಇದ್ದರೆ ಮಾತ್ರ ಹೇಳು ಅಂತ ಅದರ ಅರ್ಥ. ಮೋಡೆಮ್ ಪ್ರಾಪರ್ಟೀಸ್‌ನಲ್ಲಿ 'ಡಯಲ್ ಟೋನಿಗಾಗಿ ಕಾಯಿ' ಅನ್ನುವ ಟಿಕ್ ತೆಗೆದರೂ ಇದೇ ಕೆಲಸ ಆಗುತ್ತದೆ. ಒಳಗಿನ ಎಕ್ಸ್‌ಚೇಂಜ್ ಮೂಲಕ ಹೊರಗೆ ಹೋಗುವ ಲೈನ್ ಆದರೆ ಹೊರಗಿನ ಲೈನಿನ ಅಂಕಿಯಾದ ಮೇಲೆ ಒಂದು ಅಲ್ಪವಿರಾಮ ಹಾಕಿ. ಒಂದೊಂದು ಅಲ್ಪವಿರಾಮಕ್ಕೂ ಮೋಡೆಮ್ ಸಾಮಾನ್ಯವಾಗಿ 2 ಸೆಕೆಂಡ್ ತಡೆಯುತ್ತದೆ. ಎಚ್ಚರಿಕೆ: ಒಳಗಿನ ಎಕ್ಸ್‌ಚೇಂಜ್ ಡಿಜಿಟಲ್ ಆಗಿದ್ದರೆ ಅದರ ಲೈನಿಗೆ ಮಾಮೂಲಿ ಮೋಡೆಮ್ ಚುಚ್ಚಬೇಡಿ, ಸುಟ್ಟುಹೋಗಬಹುದು.

ಅದೇ ಲೈನಿನಲ್ಲಿ ಡಿಎಸ್‌ಎಲ್ ಬ್ರಾಡ್‌ಬ್ಯಾಂಡ್ ಕೂಡ ಇದ್ದರೆ ಡಯಲ್-ಅಪ್ ಮೋಡೆಮ್ ಫಿಲ್ಟರಿನ ಫೋನ್ ಕಡೆಗೆ ಬರಬೇಕು. ಇನ್ನು ಇಂಟರ್ನೆಟ್ ಮೂಲಕ ಹರಿಯುವ ಫೋನ್ ಲೈನ್ ಆದರೆ ಆಸೆ ಬಿಡುವುದೇ ವಾಸಿ. ಮಾತನ್ನು ಕುಗ್ಗಿಸಿ ಪ್ಯಾಕೆಟ್ ಮಾಡಿ ಕಳಿಸುವ ವ್ಯವಸ್ಥೆಯಲ್ಲಿ ಮೋಡೆಮ್‌ನ ಸ್ವರ ಹಾಳಾಗುತ್ತದೆ. ಕೂಡಿದರೂ ನಿಲ್ಲುವುದಿಲ್ಲ.

ಕಿರುಚಾಡುತ್ತದೆ, ಆದರೆ ಕೂಡುವುದಿಲ್ಲ

ಉತ್ತರದ ಸ್ವರ ಬಂದು, ಕಿರುಚಾಟ ನಡೆದು, ಮತ್ತೆ ಮೊದಲಿಂದ ಕಿರುಚಾಟ, ಕೊನೆಗೆ 'ನೋ ಕ್ಯಾರಿಯರ್', ಅಂದರೆ ಆ ಕಡೆಯ ಸ್ವರ ಸಿಗಲಿಲ್ಲ. ಇದು ಲೈನಿನ ಗದ್ದಲ. ಮಾಮೂಲಿ ಫೋನ್ ಎತ್ತಿ, ಯಾವುದಾದರೂ ಒಂದು ಅಂಕಿ ಒತ್ತಿ ಟೋನ್ ನಿಲ್ಲಿಸಿ, ಸುಮ್ಮನೆ ಕೇಳಿ. ಚರಪರ ಸದ್ದು, ಗುಂಯ್ ಅನ್ನುವ ಹಮ್, ದೂರದ ಯಾರದ್ದೋ ಮಾತು, ಇವ್ಯಾವುವೂ ಇರಬಾರದು. ಇದ್ದರೆ ಮನೆಯ ಉಳಿದ ಫೋನ್‌ಗಳನ್ನೂ ಎಕ್ಸ್‌ಟೆನ್ಷನ್ ತಂತಿಗಳನ್ನೂ ತೆಗೆದು ಮತ್ತೆ ಕೇಳಿ. ಗೋಡೆಯ ಮೊದಲ ಸಾಕೆಟ್‌ನಲ್ಲೇ ಸದ್ದಿದ್ದರೆ ಫೋನ್ ಕಂಪನಿ ಸರಿ ಮಾಡಬೇಕು.

ಅಲ್ಲಿಯವರೆಗೆ ಮೋಡೆಮ್‌ನ ವೇಗಕ್ಕೆ ಮಿತಿ ಹಾಕಿಕೊಳ್ಳಬಹುದು. ತುಂಬ ಮೋಡೆಮ್‌ಗಳು ಎಟಿ+ಎಂಎಸ್=ವಿ34 (AT+MS=V34) ಕಮಾಂಡ್ ಕೇಳುತ್ತವೆ. ಆಗ 56ಕೆ (ಸೆಕೆಂಡಿಗೆ 56 ಕಿಲೋಬಿಟ್) ಪ್ರಯತ್ನವನ್ನೇ ಬಿಟ್ಟು 33.6 ಕಿಲೋಬಿಟ್ ಒಳಗೆ ಕೂಡುತ್ತದೆ. ನಿಧಾನವಾದರೂ ನಿಲ್ಲುವ ಸಂಪರ್ಕ, ಪದೇ ಪದೇ ಬೀಳುವ ವೇಗದ ಸಂಪರ್ಕಕ್ಕಿಂತ ಎಷ್ಟೋ ಮೇಲು.

ವೇಗದ ಬಗ್ಗೆ ದೂರುವವರಿಗೆ ಒಂದು ಮಾತು. ಮೋಡೆಮ್ ಮಾನಕಗಳಾದ ವಿ.90 ಮತ್ತು ವಿ.92ರ 56ಕೆ ಅನ್ನುವುದು ಇಳಿಸುವ ದಿಕ್ಕಿನ ಗರಿಷ್ಠ. ಏರಿಸುವ ವೇಗ ವಿ.90ರಲ್ಲಿ 33.6, ವಿ.92ರಲ್ಲಿ 48. ದಾರಿಯಲ್ಲಿ ಡಿಜಿಟಲ್‌ನಿಂದ ಅನಲಾಗ್‌ಗೆ ಒಂದೇ ಬಾರಿ ಬದಲಾವಣೆ ಆದರೆ ಮಾತ್ರ 56ಕೆ ಸಾಧ್ಯ. ನಿಮ್ಮ ಲೈನ್ ಯಾವಾಗಲೂ 33.6 ಅಥವಾ ಅದಕ್ಕಿಂತ ಕೆಳಗೇ ಕೂಡುತ್ತಿದ್ದರೆ ನಡುವೆ ಇನ್ನೊಂದು ಬದಲಾವಣೆ ಇರುವ ಸಾಧ್ಯತೆ ಹೆಚ್ಚು. ಅದಕ್ಕೆ ಮನೆಯಲ್ಲಿ ಕೂತು ಮಾಡುವ ಮದ್ದಿಲ್ಲ. ಇನ್ನು 115200 ವೇಗದಲ್ಲಿ ಕನೆಕ್ಟ್ ಆಗಿದೆ ಅಂತ ವಿಂಡೋಸ್ ತೋರಿಸಿದರೆ ಹಿಗ್ಗಬೇಡಿ. ಅದು ಕಂಪ್ಯೂಟರಿಗೂ ಮೋಡೆಮ್‌ಗೂ ನಡುವಿನ ಪೋರ್ಟ್ ವೇಗ, ಲೈನಿನದ್ದಲ್ಲ.

ದೃಢೀಕರಣ: ಪಾಸ್‌ವರ್ಡ್ ಸರಿಯಿದ್ದರೂ ಒಳಗೆ ಬಿಡದಿದ್ದಾಗ

ಜನ ಅತಿ ಹೆಚ್ಚು ದಾರಿ ತಪ್ಪುವುದು ಇಲ್ಲಿ. ಕಾರಣ, ಇಲ್ಲಿ ಬರುವ ದೋಷದ ನಂಬರ್ ಯಾವಾಗಲೂ ನಿಜ ಹೇಳುವುದಿಲ್ಲ. 691 ಅಂದರೆ ಯೂಸರ್‌ನೇಮ್ ಅಥವಾ ಪಾಸ್‌ವರ್ಡ್ ಒಪ್ಪಿಗೆ ಆಗಲಿಲ್ಲ ಅಂತ. ಆದರೆ ಅವು ತಪ್ಪಿದ್ದರೂ ಕೆಲವು ಸರ್ವರ್‌ಗಳು ಏನೂ ಹೇಳದೆ ಲೈನ್ ಕತ್ತರಿಸುತ್ತವೆ. ಆಗ ನಿಮಗೆ ಕಾಣುವುದು 619 ಅಥವಾ 629, ಅಂದರೆ ಬರೀ 'ಸಂಪರ್ಕ ಕಡಿದುಹೋಯಿತು'. ಅದಕ್ಕೇ ಮೋಡೆಮ್ ಬದಲಿಸಲು ಹೊರಟವರಿದ್ದಾರೆ. ಉಲ್ಟಾ ಕೂಡ ಆಗುತ್ತದೆ. ಪಾಸ್‌ವರ್ಡ್ ಅಕ್ಷರ ಅಕ್ಷರ ಸರಿ ಇದ್ದು 691 ಬರುತ್ತದೆ.

ಮೊದಲು ಟೈಪಿಂಗ್ ಸಂಶಯ ಮುಗಿಸಿ. ಪಾಸ್‌ವರ್ಡ್ ಪೆಟ್ಟಿಗೆಯಲ್ಲಿ ಕಾಣುವುದು ಚುಕ್ಕೆಗಳು ಮಾತ್ರ ಅಲ್ವಾ? ಹಾಗಾಗಿ ನೋಟ್‌ಪ್ಯಾಡ್ ತೆರೆದು ಅಲ್ಲಿ ಟೈಪ್ ಮಾಡಿ ನೋಡಿ. ಕ್ಯಾಪ್ಸ್ ಲಾಕ್ ಆನ್ ಇದೆಯಾ, ಲ್ಯಾಪ್‌ಟಾಪಿನಲ್ಲಿ ನಮ್ ಲಾಕ್ ಆನ್ ಆಗಿ ಅಕ್ಷರದ ಬದಲು ಅಂಕಿ ಬೀಳುತ್ತಿದೆಯಾ, ಕೀಬೋರ್ಡ್ ಕನ್ನಡಕ್ಕೆ ತಿರುಗಿದೆಯಾ, ಎಲ್ಲ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಕೀಬೋರ್ಡ್ ಅಮೆರಿಕದ ವಿನ್ಯಾಸದಿಂದ ಬ್ರಿಟನ್ನಿನ ವಿನ್ಯಾಸಕ್ಕೆ ಬದಲಾಗಿದ್ದರೆ @ ಚಿಹ್ನೆಯ ಜಾಗದಲ್ಲಿ ಉದ್ಧರಣ ಚಿಹ್ನೆ ಬೀಳುತ್ತದೆ. ಯೂಸರ್‌ನೇಮ್‌ನಲ್ಲಿ @ ಇರುವವರಿಗೆ ಇದು ಮುಖ್ಯ. ನೋಟ್‌ಪ್ಯಾಡಿನಿಂದ ಕಾಪಿ ಮಾಡುವಾಗ ಕೊನೆಗೆ ಒಂದು ಖಾಲಿ ಜಾಗ ಅಂಟಿಕೊಂಡು ಬರದಂತೆ ನೋಡಿಕೊಳ್ಳಿ.

ಆಮೇಲೆ ಯೂಸರ್‌ನೇಮ್‌ನ ರೂಪ. ಒಂದೇ ಡಯಲ್ ನಂಬರನ್ನು ಹಲವು ಸೇವಾದಾರರು ಹಂಚಿಕೊಂಡಿದ್ದರೆ ಸರ್ವರ್‌ಗೆ ನೀವು ಯಾರ ಗಿರಾಕಿ ಅಂತ ತಿಳಿಯಬೇಕು. ಅದನ್ನು ಅದು @ ಆದ ಮೇಲಿನ ಭಾಗದಿಂದ ತಿಳಿದುಕೊಳ್ಳುತ್ತದೆ. ಆ ಬಾಲ ಇಲ್ಲದೆ ಬರೀ ಹೆಸರು ಕೊಟ್ಟರೆ ಅದು ಬೇರೆ ಪಟ್ಟಿಯಲ್ಲಿ ಹುಡುಕಿ, ಸಿಗಲಿಲ್ಲ ಅನ್ನುತ್ತದೆ. ಕೆಲವು ಸೇವೆಗಳಿಗೆ ಬಾಲ ಬೇಕು, ಕೆಲವಕ್ಕೆ ಬೇಡ. ಎಕ್ಸ್‌ಪಿಯಲ್ಲಿ ಇನ್ನೊಂದು ಬಲೆ ಇದೆ: ಆಪ್ಷನ್ಸ್ ಟ್ಯಾಬಿನ 'ಇನ್‌ಕ್ಲೂಡ್ ವಿಂಡೋಸ್ ಲಾಗಾನ್ ಡೊಮೈನ್' ಟಿಕ್. ಅದು ಆನ್ ಇದ್ದರೆ ಲಾಗಿನ್ ಪೆಟ್ಟಿಗೆಯಲ್ಲಿ ಡೊಮೈನ್ ಕೇಳುವ ಇನ್ನೊಂದು ಸಾಲು ಬರುತ್ತದೆ. ಅಲ್ಲಿ ಏನಾದರೂ ತುಂಬಿದರೆ ಯೂಸರ್‌ನೇಮ್ ಜೊತೆ ಅದೂ ಹೋಗುತ್ತದೆ. ಮನೆಯ ಬಳಕೆಗೆ ಆ ಟಿಕ್ ಬೇಡವೇ ಬೇಡ. ವಿಂಡೋಸ್ 98ರಲ್ಲಿ ಇದರ ಅಣ್ಣ 'ಲಾಗ್ ಆನ್ ಟು ನೆಟ್‌ವರ್ಕ್'. ಅದನ್ನೂ ತೆಗೆಯಿರಿ. ಸಂಪರ್ಕ ಆಗುವ ಹೊತ್ತೂ ಕಡಿಮೆಯಾಗುತ್ತದೆ.

ಈಗ ತಿರುಳಿಗೆ ಬರೋಣ. ಪಿಪಿಪಿಯಲ್ಲಿ ಪಾಸ್‌ವರ್ಡ್ ಒಪ್ಪಿಸುವ ಬಗೆ ಒಂದೇ ಅಲ್ಲ. ಪ್ಯಾಪ್ ಅಂದರೆ ಹೆಸರು, ಪಾಸ್‌ವರ್ಡ್ ಎರಡನ್ನೂ ಇದ್ದ ಹಾಗೆಯೇ ಕಳಿಸುವುದು. ಚಾಪ್‌ನಲ್ಲಿ ಪಾಸ್‌ವರ್ಡ್ ಲೈನಿನ ಮೇಲೆ ಹೋಗುವುದೇ ಇಲ್ಲ. ಸರ್ವರ್ ಒಂದು ಸವಾಲು ಕಳಿಸುತ್ತದೆ. ನಿಮ್ಮ ಕಂಪ್ಯೂಟರ್ ಆ ಸವಾಲನ್ನೂ ಪಾಸ್‌ವರ್ಡನ್ನೂ ಸೇರಿಸಿ ಎಂಡಿ5 ಅನ್ನುವ ಗಣಿತದ ಲೆಕ್ಕ ಮಾಡಿ ಉತ್ತರ ಕಳಿಸುತ್ತದೆ. ಸರ್ವರ್ ತಾನೂ ಅದೇ ಲೆಕ್ಕ ಮಾಡಿ ಹೋಲಿಸುತ್ತದೆ. ಹೀಗೆ ಲೆಕ್ಕ ಮಾಡಲು ಸರ್ವರ್ ಕಡೆ ನಿಮ್ಮ ಮೂಲ ಪಾಸ್‌ವರ್ಡ್ ಇರಲೇಬೇಕು. ಪಾಸ್‌ವರ್ಡನ್ನು ಹ್ಯಾಶ್ ಮಾಡಿ (ಮೂಲಕ್ಕೆ ತಿರುಗಿಸಲಾಗದಂತೆ ಲೆಕ್ಕವಾಗಿಸಿ) ಮಾತ್ರ ಇಟ್ಟುಕೊಂಡ ಸೇವಾದಾರರಿಗೆ ಚಾಪ್ ಮಾಡಲು ಆಗುವುದೇ ಇಲ್ಲ. ಅವರಲ್ಲಿ ಸಾಮಾನ್ಯವಾಗಿ ಪ್ಯಾಪ್ ಒಂದೇ ದಾರಿ. ಮೈಕ್ರೋಸಾಫ್ಟ್‌ನ ಎಂಎಸ್-ಚಾಪ್ ಇವೆರಡರಿಂದ ಬೇರೆ. ಅದರಲ್ಲೂ ಎರಡು ಆವೃತ್ತಿ.

ಇದನ್ನು ತಿಳಿದರೆ ವಿಂಡೋಸ್‌ನ ಒಂದು ಸೆಟ್ಟಿಂಗ್ ಯಾಕೆ ಇಷ್ಟು ಕಾಡುತ್ತದೆ ಅಂತ ಅರ್ಥವಾಗುತ್ತದೆ. ಕನೆಕ್ಷನ್ ಪ್ರಾಪರ್ಟೀಸ್‌ನ ಸೆಕ್ಯುರಿಟಿ ಟ್ಯಾಬಿನಲ್ಲಿ 'ರಿಕ್ವೈರ್ ಸೆಕ್ಯೂರ್ಡ್ ಪಾಸ್‌ವರ್ಡ್' ಆರಿಸಿದ್ದರೆ ನಿಮ್ಮ ಕಂಪ್ಯೂಟರ್ ಪ್ಯಾಪ್ ಒಪ್ಪುವುದಿಲ್ಲ. ಸರ್ವರ್ ಪ್ಯಾಪ್ ಬಿಟ್ಟು ಬೇರೆ ಕೇಳುವುದಿಲ್ಲ. ಇಬ್ಬರೂ ಹಟ ಹಿಡಿದರೆ ಮಾತುಕತೆ ಮುರಿಯುತ್ತದೆ, ನಿಮಗೆ 734 ಕಾಣುತ್ತದೆ. ಪಾಸ್‌ವರ್ಡ್ ಇನ್ನೂ ಲೈನಿಗೆ ಇಳಿದೇ ಇಲ್ಲ! ಹಾಗಾಗಿ ಅದನ್ನು ನೂರು ಸಲ ಬದಲಿಸಿದರೂ ಲಾಭವಿಲ್ಲ. 'ಅಲೋ ಅನ್‌ಸೆಕ್ಯೂರ್ಡ್ ಪಾಸ್‌ವರ್ಡ್' ಆರಿಸಿ ಮತ್ತೆ ಪ್ರಯತ್ನಿಸಿ. ವಿಂಡೋಸ್ 98ರಲ್ಲಾದರೆ 'ರಿಕ್ವೈರ್ ಎನ್‌ಕ್ರಿಪ್ಟೆಡ್ ಪಾಸ್‌ವರ್ಡ್' ಟಿಕ್ ತೆಗೆಯಿರಿ. ಪ್ಯಾಪ್‌ನಲ್ಲಿ ಪಾಸ್‌ವರ್ಡ್ ಬಯಲಾಗಿಯೇ ಹೋಗುತ್ತದೆ ನಿಜ, ಆದರೆ ಹೋಗುವುದು ನಿಮಗೂ ಆ ಸರ್ವರ್‌ಗೂ ನಡುವಿನ ಫೋನ್ ಲೈನಿನಲ್ಲಿ. ಅದೇ ಪಾಸ್‌ವರ್ಡನ್ನು ಬೇರೆ ಕಡೆ ಬಳಸದಿದ್ದರೆ ಸಾಕು.

734ಕ್ಕೆ ಇನ್ನೊಂದು ಕಾರಣವೂ ಇದೆ. ನೆಟ್‌ವರ್ಕಿಂಗ್ ಟ್ಯಾಬಿನ ಪಿಪಿಪಿ ಸೆಟ್ಟಿಂಗ್ಸ್‌ನಲ್ಲಿ ಒಂದೇ ಲೈನಿಗೂ ಮಲ್ಟಿಲಿಂಕ್ (ಹಲವು ಲೈನ್ ಸೇರಿಸಿ ಒಂದೇ ಸಂಪರ್ಕ ಮಾಡುವುದು) ಕೇಳುವ ಟಿಕ್ ಇರುತ್ತದೆ. ಅದನ್ನು ತೆಗೆಯಿರಿ. ಬಹಳ ಹಳೆಯ ಸರ್ವರ್ ಆದರೆ ಅಲ್ಲೇ ಇರುವ 'ಎಲ್‌ಸಿಪಿ ಎಕ್ಸ್‌ಟೆನ್ಷನ್ಸ್' ಕೂಡ ತೆಗೆದು ನೋಡಿ. ಒಂದು ಬಾರಿಗೆ ಒಂದೇ ಟಿಕ್, ಎರಡೂ ಒಟ್ಟಿಗೆ ಬೇಡ. ಎಕ್ಸ್‌ಪಿಯಿಂದ ವಿಸ್ಟಾ ಅಥವಾ ಅದಕ್ಕಿಂತ ಹೊಸ ವಿಂಡೋಸ್‌ಗೆ ಬಂದ ಮೇಲೆ ಕೆಟ್ಟಿತಾ? ವಿಸ್ಟಾದಿಂದ ಎಂಎಸ್-ಚಾಪ್‌ನ ಮೊದಲ ಆವೃತ್ತಿಯನ್ನು ತೆಗೆದುಹಾಕಿದ್ದಾರೆ. ಅದನ್ನೇ ನಂಬಿಕೊಂಡ ಸರ್ವರ್ ಹೊಸ ಯಂತ್ರವನ್ನು ಒಳಗೆ ಬಿಡುವುದಿಲ್ಲ.

ಇಷ್ಟಾದರೂ 691 ಬಿಡದಿದ್ದರೆ ಖಾತೆಯ ಕಡೆ ನೋಡಿ. ಡಯಲ್-ಅಪ್ ಸರ್ವರ್ ತಾನೇ ಪಾಸ್‌ವರ್ಡ್ ನೋಡುವುದು ಕಡಿಮೆ. ಹಿಂದೆ ಇದ್ದು ಖಾತೆಗಳ ಲೆಕ್ಕ ನೋಡುವ ರೇಡಿಯಸ್ ಸರ್ವರ್‌ಗೆ ಕೇಳುತ್ತದೆ. ಅದು 'ಬೇಡ' ಅಂದರೆ ಬೇಡ. ಯಾಕೆ ಬೇಡ ಅನ್ನುವುದು ನಿಮ್ಮವರೆಗೆ ಬರಬೇಕೆಂದೇನೂ ಇಲ್ಲ. ಅವಧಿ ಮುಗಿದ ಖಾತೆ, ಬಾಕಿ ಹಣ, ಗಂಟೆಗಳ ಮಿತಿ, ಎಲ್ಲಕ್ಕೂ ಅದೇ 691. ಇವೆಲ್ಲಕ್ಕಿಂತ ಕಾಡುವುದು ಇನ್ನೊಂದು. ಒಂದು ಖಾತೆಗೆ ಒಂದೇ ಲಾಗಿನ್ ಅನ್ನುವ ನಿಯಮ ಇದ್ದು, ನಿಮ್ಮ ಹಿಂದಿನ ಸಂಪರ್ಕ ಅರ್ಧಕ್ಕೆ ಕಡಿದುಹೋಗಿದ್ದರೆ, ನೀವಿನ್ನೂ ಒಳಗಿದ್ದೀರಿ ಅಂತಲೇ ಸರ್ವರ್ ಲೆಕ್ಕ ಇಟ್ಟಿರುತ್ತದೆ. ಆಗ ನಿಮ್ಮನ್ನೇ ನಿಮ್ಮ ಹೆಸರಿನ ಕಳ್ಳ ಅಂದುಕೊಂಡು ಹೊರಗೆ ಹಾಕುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಡಯಲ್ ಮಾಡಿದರೆ ತಾನಾಗಿಯೇ ಸರಿಹೋಗುತ್ತದೆ. ಲೈನ್ ಕಡಿದ ಕೂಡಲೇ 691, ಬೆಳಿಗ್ಗೆ ಎದ್ದು ನೋಡಿದರೆ ಸರಿ ಅನ್ನುವ ಲಕ್ಷಣ ಇದ್ದರೆ ಇದೇ ಕಾರಣ ಇರಬೇಕು.

646, 647, 648, 649 ಬಂದರೆ ನೀವು ಅದೃಷ್ಟವಂತರು, ಯಾಕಂದರೆ ಅವು ಸ್ಪಷ್ಟವಾಗಿ ಹೇಳುತ್ತವೆ. ಕ್ರಮವಾಗಿ: ಈ ಹೊತ್ತಿನಲ್ಲಿ ಲಾಗಿನ್ ಇಲ್ಲ, ಖಾತೆ ನಿಲ್ಲಿಸಲಾಗಿದೆ, ಪಾಸ್‌ವರ್ಡ್ ಅವಧಿ ಮುಗಿದಿದೆ, ಡಯಲ್-ಇನ್ ಅನುಮತಿ ಇಲ್ಲ.

718 ಮತ್ತು 721 ಬೇರೆ ಜಾತಿ. ಮೋಡೆಮ್ ಕೂಡಿದೆ, ಆದರೆ ಆ ಕಡೆಯಿಂದ ಪಿಪಿಪಿಯ ಉತ್ತರ ಬರುತ್ತಿಲ್ಲ. ಹಳೆಯ ಕೆಲವು ಸರ್ವರ್‌ಗಳು ಪಿಪಿಪಿಗೆ ಮುಂಚೆ ಅಕ್ಷರದ ಪರದೆಯಲ್ಲೇ 'ಲಾಗಿನ್' ಅಂತ ಕೇಳುತ್ತವೆ. ನಿಮ್ಮ ಕಂಪ್ಯೂಟರ್ ಪಿಪಿಪಿ ಮಾತಾಡುತ್ತಿರುತ್ತದೆ, ಅದು ಹೆಸರಿಗಾಗಿ ಕಾಯುತ್ತಿರುತ್ತದೆ. ಸೆಕ್ಯುರಿಟಿ ಟ್ಯಾಬಿನಲ್ಲಿ 'ಶೋ ಟರ್ಮಿನಲ್ ವಿಂಡೋ' ಆನ್ ಮಾಡಿ ಡಯಲ್ ಮಾಡಿದರೆ ಸರ್ವರ್ ಏನು ಹೇಳುತ್ತಿದೆ ಅಂತ ಕಣ್ಣಾರೆ ಕಾಣಬಹುದು. ಲಾಗಿನ್ ಕೇಳಿದರೆ ಅಲ್ಲೇ ಕೊಡಿ. ಅರ್ಥವಾಗದ ಚಿಹ್ನೆಗಳ ಸಾಲು ಹರಿದು ಬಂದರೆ ಅದು ಪಿಪಿಪಿಯೇ, ಮುಂದುವರಿಸಿ. 720 ಬಂದರೆ ನಿಮ್ಮ ಕಡೆ ಇಂಟರ್ನೆಟ್ಟಿಗೆ ಬೇಕಾದ ಟಿಸಿಪಿ/ಐಪಿ ಹಾಳಾಗಿದೆ ಅಥವಾ ಆ ಕನೆಕ್ಷನ್‌ನಲ್ಲಿ ಅದಕ್ಕೆ ಟಿಕ್ ಇಲ್ಲ.

ಪಾಸ್‌ವರ್ಡ್ ನೆನಪಿಡುವ ಟಿಕ್ ವಿಂಡೋಸ್ 98ರಲ್ಲಿ ಮಸುಕಾಗಿ ಕೂತಿದ್ದರೆ, ಕಂಪ್ಯೂಟರ್ ಶುರುವಾದಾಗ ಬರುವ ಲಾಗಿನ್ ಪೆಟ್ಟಿಗೆಯನ್ನು ಕ್ಯಾನ್ಸಲ್ ಒತ್ತಿ ದಾಟಿದ್ದೀರಿ ಅಂತ ಅರ್ಥ. ಹೆಸರು ಕೊಟ್ಟು ಒಳಗೆ ಬನ್ನಿ. ಆಗಲೂ ಉಳಿಯದಿದ್ದರೆ ಪಾಸ್‌ವರ್ಡ್ ಇಟ್ಟುಕೊಳ್ಳುವ ಪಿಡಬ್ಲ್ಯೂಎಲ್ (.pwl) ಬಾಲದ ಫೈಲ್ ಕೆಟ್ಟಿರುತ್ತದೆ. ಅದರ ಹೆಸರು ಬದಲಿಸಿ ಮತ್ತೆ ಶುರು ಮಾಡಿದರೆ ಹೊಸದು ಹುಟ್ಟುತ್ತದೆ. ಅದರಲ್ಲಿದ್ದ ಉಳಿದ ಪಾಸ್‌ವರ್ಡ್‌ಗಳೂ ಹೋಗುತ್ತವೆ, ಮೊದಲೇ ಬರೆದಿಟ್ಟುಕೊಳ್ಳಿ.

ಲಾಗ್ ಓದುವುದು

ಊಹೆ ಸಾಕಾದಾಗ ಲಾಗ್ ತೆರೆಯಿರಿ. ಎಕ್ಸ್‌ಪಿಯಲ್ಲಿ ಮೋಡೆಮ್‌ನ ಡಯಾಗ್ನಾಸ್ಟಿಕ್ಸ್ ಟ್ಯಾಬಿನಲ್ಲೇ 'ವ್ಯೂ ಲಾಗ್' ಇದೆ. ಕಳಿಸಿದ ಎಟಿ ಕಮಾಂಡ್, ಬಂದ ಉತ್ತರ, ಹೊತ್ತು ಎಲ್ಲ ಅಲ್ಲಿರುತ್ತವೆ. 'ಕನೆಕ್ಟ್' ಅನ್ನುವ ಸಾಲು ಇದ್ದರೆ ಮೋಡೆಮ್ ಪಾಸು. ಪಿಪಿಪಿ ಮಾತುಕತೆ ನೋಡಲು ಕಮಾಂಡ್ ಪ್ರಾಂಪ್ಟ್‌ನಲ್ಲಿ 'ನೆಟ್‌ಎಸ್‌ಎಚ್ ರಾಸ್ ಸೆಟ್ ಟ್ರೇಸಿಂಗ್ * ಎನೇಬಲ್ಡ್' (netsh ras set tracing * enabled) ಕೊಡಿ. ವಿಂಡೋಸ್ ಫೋಲ್ಡರಿನೊಳಗಿನ ಟ್ರೇಸಿಂಗ್ ಫೋಲ್ಡರಿನಲ್ಲಿ ಪಿಪಿಪಿಯ ಲಾಗ್ ಬರುತ್ತದೆ. ಕೆಲಸ ಆದ ಮೇಲೆ 'ಡಿಸೇಬಲ್ಡ್' ಕೊಟ್ಟು ನಿಲ್ಲಿಸುವುದನ್ನು ಮರೆಯಬೇಡಿ, ಸುಮ್ನೆ ಡಿಸ್ಕ್ ತುಂಬುತ್ತದೆ.

ಲಿನಕ್ಸ್‌ನ ಪಿಪಿಪಿ ನಡೆಸುವ ಪ್ರೋಗ್ರಾಂ ಪಿಪಿಪಿಡಿ (pppd) ಈ ವಿಷಯದಲ್ಲಿ ತುಂಬ ಪ್ರಾಮಾಣಿಕ. ಆಯ್ಕೆಗಳಲ್ಲಿ 'ಡೀಬಗ್' ಸೇರಿಸಿದರೆ ಒಂದೊಂದು ಪ್ಯಾಕೆಟ್ಟೂ ಸಿಸ್ಟಮ್ ಲಾಗ್‌ನಲ್ಲಿ ಕಾಣುತ್ತದೆ. ಸರ್ವರ್ ಕಳಿಸುವ ಎಲ್‌ಸಿಪಿ ಕೋರಿಕೆಯ ಸಾಲಿನಲ್ಲಿ 'ಆತ್ ಪ್ಯಾಪ್' ಅಥವಾ 'ಆತ್ ಚಾಪ್ ಎಂಡಿ5' ಅಂತ ಇರುತ್ತದೆ. ಸರ್ವರ್‌ಗೆ ಏನು ಬೇಕು ಅನ್ನುವ ಪ್ರಶ್ನೆಗೆ ಇದೇ ಕೊನೆಯ ಉತ್ತರ. ಅದರ ಕೆಳಗೆ 'ನೋ ಆತ್ ಈಸ್ ಪಾಸಿಬಲ್' ಅಂತ ಕಂಡರೆ ಪಿಪಿಪಿಡಿಗೆ ನಿಮ್ಮ ಹೆಸರಿನ ಪಾಸ್‌ವರ್ಡೇ ಸಿಕ್ಕಿಲ್ಲ. ಪ್ಯಾಪ್-ಸೀಕ್ರೆಟ್ಸ್, ಚಾಪ್-ಸೀಕ್ರೆಟ್ಸ್ ಫೈಲ್‌ಗಳಲ್ಲಿ ಇರುವ ಹೆಸರೂ 'ಯೂಸರ್' ಆಯ್ಕೆಯಲ್ಲಿ ಕೊಟ್ಟ ಹೆಸರೂ ಒಂದೇ ಇರಬೇಕು. ಪಾಸ್‌ವರ್ಡ್‌ನಲ್ಲಿ # ಅಥವಾ ಖಾಲಿ ಜಾಗ ಇದ್ದರೆ ಉದ್ಧರಣ ಚಿಹ್ನೆಯೊಳಗೆ ಬರೆಯಿರಿ. ಇಲ್ಲದಿದ್ದರೆ # ಆದ ಮೇಲಿನದ್ದನ್ನು ಅದು ಟಿಪ್ಪಣಿ ಅಂದುಕೊಂಡು ಬಿಟ್ಟುಬಿಡುತ್ತದೆ.

ಆ ಕಡೆಯವರು ತಮ್ಮ ಗುರುತು ತೋರಿಸಬೇಕು, ಅವರ ಪಾಸ್‌ವರ್ಡ್ ನನ್ನ ಬಳಿ ಇಲ್ಲ ಅನ್ನುವ ಅರ್ಥದ ಉದ್ದ ಸಾಲು ಬಂದರೆ ಗಾಬರಿ ಬೇಡ. ಇಲ್ಲಿ ಪಾತ್ರ ಅದಲು ಬದಲಾಗಿದೆ: ನಿಮ್ಮ ಕಂಪ್ಯೂಟರೇ ಸರ್ವರ್‌ಗೆ ಪಾಸ್‌ವರ್ಡ್ ಕೇಳುತ್ತಿದೆ. ಯಂತ್ರದಲ್ಲಿ ಈಗಾಗಲೇ ಇನ್ನೊಂದು ನೆಟ್‌ವರ್ಕಿನ ಡಿಫಾಲ್ಟ್ ದಾರಿ ಇದ್ದರೆ ಪಿಪಿಪಿಡಿ ತಾನಾಗಿ ಹೀಗೆ ಮಾಡುತ್ತದೆ. 'ನೋಆತ್' ಆಯ್ಕೆ ಕೊಟ್ಟರೆ ಮುಗಿಯಿತು. ಪಿಪಿಪಿಡಿ ಮುಗಿಯುವಾಗ ಕೊಡುವ ಸಂಖ್ಯೆಯೂ ಉಪಯೋಗಿ. 8 ಅಂದರೆ ಡಯಲ್ ಮಾಡುವ ಸ್ಕ್ರಿಪ್ಟ್ ಸೋತಿತು, 16 ಅಂದರೆ ಮೋಡೆಮ್ ಲೈನ್ ಇಳಿಸಿತು, 19 ಅಂದರೆ ನಮ್ಮ ದೃಢೀಕರಣ ಆಗಲಿಲ್ಲ.

ಕೂಡಿದೆ, ಆದರೆ ಪುಟ ತೆರೆಯುತ್ತಿಲ್ಲ

ಇದು ಚಿಕ್ಕ ವಿಷಯ. ಮೊದಲು ಅಂಕಿಯ ವಿಳಾಸಕ್ಕೆ ಪಿಂಗ್ (ಆ ಕಡೆಯಿಂದ ಉತ್ತರ ಬರುತ್ತದಾ ನೋಡುವ ಕಮಾಂಡ್) ಮಾಡಿ, 8.8.8.8 ಆದೀತು. ಉತ್ತರ ಬಂದು ಹೆಸರಿಗೆ ಪಿಂಗ್ ಮಾಡಿದಾಗ ಮಾತ್ರ ಬರದಿದ್ದರೆ ಡಿಎನ್‌ಎಸ್ ತೊಂದರೆ. ಕನೆಕ್ಷನ್‌ನಲ್ಲಿ ಡಿಎನ್‌ಎಸ್ ವಿಳಾಸವನ್ನು ಕೈಯಾರೆ ಬರೆದಿದ್ದರೆ ತಾನಾಗಿ ಪಡೆಯುವಂತೆ ಬಿಡಿ, ತಾನಾಗಿ ಪಡೆಯುತ್ತಿದ್ದರೆ ಕೈಯಾರೆ ಬರೆದು ನೋಡಿ. ಎರಡಕ್ಕೂ ಪಿಂಗ್ ಬಂದು ಬ್ರೌಸರ್ ಮಾತ್ರ ಸುಮ್ಮನಿದ್ದರೆ ಹಿಂದೆಂದೋ ಹಾಕಿದ ಪ್ರಾಕ್ಸಿ (ನಡುವೆ ನಿಲ್ಲುವ ಸರ್ವರ್) ಸೆಟ್ಟಿಂಗ್ ಉಳಿದಿದೆಯಾ ನೋಡಿ. ಅದೂ ಇಲ್ಲ ಅಂದರೆ ಗಡಿಯಾರ. ಹಳೇ ಯಂತ್ರದ ಬ್ಯಾಟರಿ ಸತ್ತು ತಾರೀಕು ಹಲವು ವರ್ಷ ಹಿಂದೆ ಹೋಗಿದ್ದರೆ ಸುರಕ್ಷಿತ ತಾಣಗಳ ಪ್ರಮಾಣಪತ್ರ ಸುಳ್ಳು ಅನ್ನಿಸುತ್ತದೆ, ಪುಟ ತೆರೆಯುವುದಿಲ್ಲ. ತಾರೀಕು ಸರಿ ಇದ್ದರೂ ಎಕ್ಸ್‌ಪಿಯ ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಇಂದಿನ ಬಹುತೇಕ ತಾಣಗಳು ತೆರೆಯುವುದಿಲ್ಲ, ಈಗ ಅವು ಕೇಳುವ ಸುರಕ್ಷತಾ ನಿಯಮ ಟಿಎಲ್‌ಎಸ್ 1.2 ಅದಕ್ಕೆ ಬರುವುದಿಲ್ಲ. ಆ ತಪ್ಪನ್ನು ಡಯಲ್-ಅಪ್ ತಲೆಗೆ ಕಟ್ಟಬೇಡಿ.

ನಡುವೆ ಕಡಿದುಹೋಗುವುದು

ಹೊತ್ತು ಬರೆದಿಟ್ಟುಕೊಳ್ಳಿ. ಪ್ರತಿ ಸಲ ಅಷ್ಟೇ ನಿಮಿಷಕ್ಕೆ ಕಡಿದರೆ ಅದು ಯಾರೋ ಹಾಕಿದ ಮಿತಿ. ನಿಮ್ಮ ಕಡೆಯ 'ಸುಮ್ಮನಿದ್ದರೆ ಕಡಿ' ಸೆಟ್ಟಿಂಗ್ ಅಥವಾ ಸರ್ವರ್‌ನ ಅವಧಿ ಮಿತಿ. ಹೊತ್ತುಗೊತ್ತಿಲ್ಲದೆ ಕಡಿದರೆ ಲೈನ್ ಗದ್ದಲ ಅಥವಾ ಕಾಲ್ ವೇಟಿಂಗ್. ಕರೆ ಬಂದಾಗ ಆಗುವ ಬೀಪ್ ಮೋಡೆಮ್‌ಗೆ ಲೈನ್ ಹೋದ ಹಾಗೆ ಕಾಣುತ್ತದೆ. ಕಾಲ್ ವೇಟಿಂಗ್ ನಿಲ್ಲಿಸುವ ಕೋಡನ್ನು ಡಯಲಿಂಗ್ ರೂಲ್ಸ್‌ನಲ್ಲಿ ಹಾಕಬಹುದು. ಆ ಕೋಡ್ ಒಂದೊಂದು ಫೋನ್ ಕಂಪನಿಯಲ್ಲಿ ಒಂದೊಂದು ಥರ. ನಿಲ್ಲಿಸಲು ಆಗದಿದ್ದರೆ ಮೋಡೆಮ್‌ನ ಎಸ್10 ರಿಜಿಸ್ಟರ್ (ಒಂದು ಸೆಟ್ಟಿಂಗ್) ಹೆಚ್ಚಿಸಿ. ಸ್ವರ ಹೋದ ಮೇಲೆ ಎಷ್ಟು ಹೊತ್ತು ಕಾದು ಲೈನ್ ಇಳಿಸಬೇಕು ಅನ್ನುವುದನ್ನು ಅದು ಸೆಕೆಂಡಿನ ಹತ್ತನೇ ಒಂದು ಭಾಗದ ಲೆಕ್ಕದಲ್ಲಿ ಹೇಳುತ್ತದೆ. ಎಟಿಎಸ್10=50 ಕೊಟ್ಟರೆ 5 ಸೆಕೆಂಡ್ ಸಹಿಸಿಕೊಳ್ಳುತ್ತದೆ.

ಇಷ್ಟೆಲ್ಲ ನೋಡಿ ತೊಂದರೆ ಆ ಕಡೆಯದ್ದೇ ಅಂತ ಖಚಿತವಾದರೆ ಸಹಾಯವಾಣಿಗೆ ಹೋಗುವಾಗ ಬರಿಗೈಲಿ ಹೋಗಬೇಡಿ. ಡಯಲ್ ಮಾಡಿದ ನಂಬರ್, ನಿಮ್ಮ ಯೂಸರ್‌ನೇಮ್ ಪೂರ್ತಿ ಬಾಲದೊಂದಿಗೆ, ನಿಮಿಷ ಸಮೇತ ಹೊತ್ತು, ಮೋಡೆಮ್ ಕೂಡಿದ ವೇಗ, ದೋಷದ ನಂಬರ್ ಇವಿಷ್ಟು ಹೇಳಿ. ನಿಮ್ಮ ಹೆಸರಿನ ಮುಂದೆ ಇನ್ನೂ ತೆರೆದಿರುವ ಲಾಗಿನ್ ಇದೆಯಾ, ರೇಡಿಯಸ್ ಲಾಗ್‌ನಲ್ಲಿ ನಿರಾಕರಣೆಗೆ ಯಾವ ಕಾರಣ ಬರೆದಿದೆ ಅಂತ ನೇರವಾಗಿ ಕೇಳಿ. ಲಾಗ್ ಫೈಲ್ ಕಳಿಸುವುದಾದರೆ ಮೊದಲು ಒಮ್ಮೆ ಓದಿ. ಪ್ಯಾಪ್ ಬಳಸಿದ ಲಾಗ್‌ನಲ್ಲಿ ಕೆಲವೊಮ್ಮೆ ಪಾಸ್‌ವರ್ಡ್ ಇದ್ದ ಹಾಗೆಯೇ ಕೂತಿರುತ್ತದೆ. ಅದನ್ನು ಅಳಿಸಿ ಕಳಿಸಿ.